ಕಸ್ಟಮರ್ ಕೇರ್‌ನಿಂದ ಉತ್ತರವಲ್ಲದ ಉತ್ತರ ಬಂದಾಗ

‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಿಮ್ಮ ದೂರನ್ನು ಪರಿಶೀಲಿಸಲಾಗಿದೆ. ನಮ್ಮ ಕಡೆಯಿಂದ ಯಾವುದೇ ದೋಷ ಕಂಡುಬಂದಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.’

ಹೀಗೊಂದು ಮೆಸೇಜು ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಅರಸೀಕೆರೆ ಎಪಿಎಂಸಿಯಲ್ಲಿ ಕೊಬ್ಬರಿ ಮಾರಿದ ಹಣ ತೆಗೆಯಲು ಎಟಿಎಂಗೆ ಹೋದಿರಿ. ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು. ಜಾವಗಲ್ ಕಡೆಯ ತೋಟದ ಸಬ್‌ಮರ್ಸಿಬಲ್ ಮೋಟಾರು ವಾರಂಟಿ ಇರುವಾಗಲೇ ಸುಟ್ಟಿತು. ಹಳೇಬೀಡಿನ ಗುಡಿ ಎದುರಿನ ಅಂಗಡಿಯಲ್ಲಿ ಪ್ರವಾಸಿಗರು ಸ್ಕ್ಯಾನ್ ಮಾಡಿ ಕಳಿಸಿದ ದುಡ್ಡು ಅಂಗಡಿಯವರಿಗೆ ಸೇರಲೇ ಇಲ್ಲ. ಬಿಕ್ಕೋಡಿನ ಮನೆಯೊಳಗೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ ಉತ್ತರವೇನೋ ಬರುತ್ತದೆ, ನೀವು ಕೇಳಿದ್ದಕ್ಕೆ ಮಾತ್ರ ಅಲ್ಲ.

ದೊಡ್ಡ ಊರಿನವರು ಸಿಟ್ಟು ಬಂದರೆ ನೇರ ಸರ್ವೀಸ್ ಸೆಂಟರಿಗೋ ಕಂಪನಿಯ ಕಚೇರಿಗೋ ಹೋಗಿ ನಿಂತುಬಿಡಬಹುದು. ನಮ್ಮ ಕಡೆಯವರಿಗೆ ಹತ್ತಿರ ಎಂದರೆ ಹಾಸನ. ಬಾಣಾವರದಿಂದಲೋ ಅರೇಹಳ್ಳಿಯಿಂದಲೋ ಬಸ್ಸು ಹತ್ತಿ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೆಲಸ ಕೆಡುತ್ತದೆ. ಅಲ್ಲಿ ಹೋದ ಮೇಲೂ ‘ಆನ್‌ಲೈನ್‌ನಲ್ಲೇ ಹಾಕಿ ಸಾರ್’ ಎನ್ನುತ್ತಾರೆ. ಹಾಗಾಗಿ ಮನೆಯಲ್ಲೇ ಕೂತು, ಫೋನು ಮತ್ತು ಬರಹದಿಂದಲೇ ಸರಿಯಾದ ಉತ್ತರ ಹೊರಡಿಸುವ ದಾರಿ ನಮಗೆ ಗೊತ್ತಿರಲೇಬೇಕು.

ಇಂಥ ಉತ್ತರ ಯಾಕೆ ಬರುತ್ತದೆ?

ನಿಮ್ಮ ಕರೆ ಎತ್ತುವವರು ಬಹಳ ಸಲ ಆ ಕಂಪನಿಯ ನೌಕರರೇ ಅಲ್ಲ. ಗುತ್ತಿಗೆ ಹಿಡಿದ ಕಾಲ್ ಸೆಂಟರಿನವರು. ಅವರ ಮುಂದಿನ ಪರದೆಯಲ್ಲಿ ಸಿದ್ಧ ಉತ್ತರಗಳ ಪಟ್ಟಿ ಇರುತ್ತದೆ. ನಿಮ್ಮ ಮಾತಿನಲ್ಲಿ ‘ನೆಟ್‌ವರ್ಕ್’ ಎಂಬ ಪದ ಕಿವಿಗೆ ಬಿದ್ದರೆ ‘ಫೋನ್ ಆಫ್ ಮಾಡಿ ಆನ್ ಮಾಡಿ’ ಎಂಬ ಸಾಲು ಹೊರಬರುತ್ತದೆ. ಹಣ ವಾಪಸ್ ಕೊಡಿಸುವ, ಬಿಡಿಭಾಗ ಬದಲಿಸಿಕೊಡುವ ಅಧಿಕಾರ ಅವರಿಗಿಲ್ಲ. ದಿನಕ್ಕೆ ಎಷ್ಟು ದೂರು ಮುಚ್ಚಿದರು, ಎಷ್ಟು ಬೇಗ ಮುಚ್ಚಿದರು ಎಂಬುದರ ಮೇಲೆ ಅವರ ಕೆಲಸದ ಲೆಕ್ಕ ನಡೆಯುತ್ತದೆ. ಈಗಂತೂ ಮೊದಲ ಉತ್ತರ ಮನುಷ್ಯರದ್ದೇ ಆಗಿರಬೇಕೆಂದಿಲ್ಲ, ಚಾಟ್‌ಬಾಟ್ ಕೊಟ್ಟದ್ದೂ ಇರಬಹುದು.

ಆ ತುದಿಯಲ್ಲಿ ಕೂತವರ ಮೇಲೆ ಕೂಗಾಡಬೇಡಿ ಎಂದು ಹೇಳುವುದು ಇದಕ್ಕೇ. ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದ ನಮ್ಮೂರ ಮಕ್ಕಳೇ ಎಷ್ಟೋ ಜನ ಆ ಕುರ್ಚಿಯಲ್ಲಿದ್ದಾರೆ. ಬೈಸಿಕೊಂಡವರು ನಿಮ್ಮ ದೂರನ್ನು ಇನ್ನೂ ಬೇಗ ಮುಚ್ಚುತ್ತಾರೆ, ಅಷ್ಟೇ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬ್ಯಾಂಕು, ವಿಮೆ, ಮೊಬೈಲು, ಆನ್‌ಲೈನ್ ಮಾರಾಟ, ಇವೆಲ್ಲಕ್ಕೂ ಕಾನೂನು ಒಂದೊಂದು ಗಡುವು ಹಾಕಿದೆ. ನೀವು ದೂರು ಕೊಟ್ಟ ದಿನದಿಂದ ಆ ಗಡುವು ಓಡುತ್ತದೆ. ಗಡುವಿನೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ನಿಮಗೆ ಸಮಾಧಾನ ತರದಿದ್ದರೆ, ಅದರ ಮೇಲಿನ ಬಾಗಿಲು ತಾನಾಗಿ ತೆರೆಯುತ್ತದೆ. ಅಂದರೆ ಕಳಪೆ ಉತ್ತರವೂ ನಿಮ್ಮ ಕೈಗೆ ಸಿಕ್ಕ ದಾಖಲೆಯೇ. ಅದು ಬರಹದಲ್ಲಿರಬೇಕು, ಅದರ ಮೇಲೆ ತಾರೀಕು ಇರಬೇಕು, ನೀವು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ಓದಿದ ಯಾರಿಗಾದರೂ ಕಾಣಬೇಕು. ಈ ಮೂರನ್ನು ಸಾಧಿಸುವುದೇ ನಿಮ್ಮ ಕೆಲಸ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ಕೊಡಬೇಕಾದ ಸೇವೆಯನ್ನು ಸರಿಯಾಗಿ ಕೊಡದಿದ್ದರೆ ಅದನ್ನು ಈ ಕಾಯ್ದೆ ‘ಸೇವಾ ನ್ಯೂನತೆ’ ಎನ್ನುತ್ತದೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಪತ್ರ ಬರೆಯುವಾಗ ಬೇಕಾಗುತ್ತದೆ.

ಹೆಜ್ಜೆಗಳು

1. ದೂರಿನ ಸಂಖ್ಯೆ ಇಲ್ಲದೆ ಫೋನ್ ಇಡಬೇಡಿ. ಮೊಬೈಲ್ ಕಂಪನಿಯವರು ಇದನ್ನು ಡಾಕೆಟ್ ನಂಬರ್ ಎನ್ನುತ್ತಾರೆ, ಬೇರೆಯವರು ಟಿಕೆಟ್ ನಂಬರ್, ಸರ್ವೀಸ್ ರಿಕ್ವೆಸ್ಟ್ ನಂಬರ್ ಎನ್ನುತ್ತಾರೆ. ‘ನಾನು ಇಲ್ಲೇ ನೋಟ್ ಮಾಡ್ಕೊಂಡಿದೀನಿ ಸಾರ್’ ಎಂದರೆ ಸಾಲದು. ಸಂಖ್ಯೆ ಇಲ್ಲ ಅಂದರೆ ದೂರೇ ಇಲ್ಲ.

2. ಮಾತನ್ನು ಅದೇ ದಿನ ಬರಹಕ್ಕೆ ಇಳಿಸಿ. ಕರೆ ಮುಗಿದ ಕೂಡಲೇ ಕಂಪನಿಯ ಇಮೇಲ್‌ಗೆ ನಾಲ್ಕು ಸಾಲು ಕಳಿಸಿ: ‘ಈ ದಿನ ಬೆಳಿಗ್ಗೆ 11 ಗಂಟೆಗೆ ನಿಮ್ಮ ಸಿಬ್ಬಂದಿಯೊಂದಿಗೆ ಮಾತಾಡಿದೆ. ವೋಲ್ಟೇಜ್ ಏರಿಳಿತದಿಂದ ಮೋಟಾರು ಸುಟ್ಟಿದೆ, ವಾರಂಟಿ ಅನ್ವಯಿಸದು ಎಂದು ತಿಳಿಸಿದರು. ನಾನು ಕೇಳಿಸಿಕೊಂಡದ್ದರಲ್ಲಿ ತಪ್ಪಿದ್ದರೆ ಮೂರು ದಿನದೊಳಗೆ ಬರೆದು ತಿಳಿಸಿ.’ ಅವರು ಉತ್ತರಿಸದೆ ಸುಮ್ಮನಿದ್ದರೆ ಆ ಮೌನವೂ ಮುಂದೆ ನಿಮ್ಮ ಪರ ನಿಲ್ಲುತ್ತದೆ. ಇಮೇಲ್ ಬಳಸದವರು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆ ಕಚೇರಿಯ ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿಡಿ. ಚಾಟ್‌ನಲ್ಲಿ ಮಾತಾಡಿದ್ದರೆ ಕಿಟಕಿ ಮುಚ್ಚುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಮುಚ್ಚಿದ ಮೇಲೆ ಎಷ್ಟೋ ಆ್ಯಪ್‌ಗಳಲ್ಲಿ ಅದು ಮತ್ತೆ ಸಿಗುವುದಿಲ್ಲ.

3. ಒಂದು ಪತ್ರಕ್ಕೆ ಒಂದೇ ಪ್ರಶ್ನೆ. ಅದೂ ಸಿದ್ಧ ಉತ್ತರದಿಂದ ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ‘ನನ್ನ ಹಣ ಯಾವಾಗ ಬರುತ್ತೆ?’ ಎಂದು ಕೇಳಿದರೆ ‘ಶೀಘ್ರದಲ್ಲೇ’ ಎಂಬ ಉತ್ತರ ಸಿದ್ಧವಿದೆ. ‘ನೀವು ಯಾಕೆ ಹೀಗೆ ಮಾಡ್ತೀರಿ?’ ಎಂದರೆ ‘ವಿಷಾದಿಸುತ್ತೇವೆ’ ಎಂಬುದು ಸಿದ್ಧವಿದೆ. ದಾಖಲೆ ತೆಗೆದು ನೋಡದೆ ಉತ್ತರಿಸಲು ಬಾರದಂಥ ಪ್ರಶ್ನೆ ಹಾಕಿದರೆ, ದೂರು ತನ್ನಷ್ಟಕ್ಕೆ ಮೇಲಿನವರ ಮೇಜಿಗೆ ಹೋಗುತ್ತದೆ. ಕೆಳಗಿನವರ ಬಳಿ ಆ ದಾಖಲೆ ಇರುವುದಿಲ್ಲವಲ್ಲ.

ಎಟಿಎಂನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹತ್ತು ಸಾವಿರ ಒತ್ತಿದಿರಿ, ಯಂತ್ರ ಸದ್ದು ಮಾಡಿತು, ನೋಟು ಬರಲಿಲ್ಲ. ಬ್ಯಾಂಕಿನ ಉತ್ತರ: ‘ವಹಿವಾಟು ಯಶಸ್ವಿಯಾಗಿದೆ.’ ಇದಕ್ಕೆ ‘ಇಲ್ಲ, ಆಗಿಲ್ಲ’ ಎಂದು ವಾದಿಸಿದರೆ ಅದು ಮುಗಿಯದ ಜಗಳ. ಬದಲಿಗೆ ಹೀಗೆ ಬರೆಯಿರಿ: ‘ಆ ದಿನ ಆ ಎಟಿಎಂನ ನಗದು ತಾಳೆ ನೋಡಿದಾಗ ಹೆಚ್ಚುವರಿ ಹಣ ಕಂಡುಬಂದಿತ್ತೇ? ತಾಳೆಪಟ್ಟಿ ಮತ್ತು ಯಂತ್ರದ ಜರ್ನಲ್ ದಾಖಲೆಯ ಪ್ರತಿ ಕೊಡಿ. ಆ ಸಮಯದ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಯ್ದಿಡಿ.’ ನೋಟು ನಿಮ್ಮ ಕೈಗೆ ಬಾರದಿದ್ದರೆ ಅದು ಯಂತ್ರದೊಳಗೇ ಉಳಿದಿರಬೇಕು, ಎಣಿಸಿದಾಗ ಹೆಚ್ಚಾಗಿ ಸಿಗಬೇಕು. ಈ ಸರಳ ಲೆಕ್ಕ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ನಿಮಗೂ ಗೊತ್ತು ಎಂದು ಅವರಿಗೆ ತಿಳಿಯಬೇಕು. ದೂರನ್ನು ಎಟಿಎಂ ಯಾವ ಬ್ಯಾಂಕಿನದೋ ಅವರಿಗಲ್ಲ, ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ ಕೊಡಬೇಕು.

ಇದರ ಜೊತೆಗೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯನ್ನು ಹೆಸರಿಸಿ. ಎಟಿಎಂನಲ್ಲಿ ನೋಟು ಬಾರದೆ ಕಡಿತವಾದ ಹಣವನ್ನು ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಬ್ಯಾಂಕು ತಾನಾಗಿ ಖಾತೆಗೆ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಗ್ರಾಹಕ ಕೇಳದಿದ್ದರೂ ಕೊಡಬೇಕು. ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ್ದು ಸೇರದಿದ್ದರೆ ಗಡುವು ಮಾರನೆಯ ದಿನ. ಅಂಗಡಿಗೆ ಪಾವತಿಸಿದ್ದು ಖಚಿತವಾಗದಿದ್ದರೆ 5 ದಿನ. ದಿನಕ್ಕೆ 100 ರೂಪಾಯಿಯ ನಿಯಮ ಅಲ್ಲೂ ಇದೆ. ‘ಏಳರಿಂದ ಹತ್ತು ಕೆಲಸದ ದಿನ ಕಾಯಿರಿ’ ಎಂಬ ಮಾತಿಗೆ ತಲೆಯಾಡಿಸುವ ಮುನ್ನ ಇದನ್ನು ನೆನಪಿಡಿ.

ಇನ್ನು ಮೋಟಾರು. ‘ವೋಲ್ಟೇಜ್ ಹೆಚ್ಚುಕಮ್ಮಿ ಆಗಿ ಸುಟ್ಟಿದೆ, ವಾರಂಟಿ ಬರಲ್ಲ’ ಎಂಬುದು ನಮ್ಮ ತೆಂಗಿನ ಸೀಮೆಯ ರೈತರು ಕೇಳಿ ಕೇಳಿ ಸಾಕಾದ ಮಾತು. ಕೆಲವು ಸಲ ಅದು ನಿಜವೇ ಇರುತ್ತದೆ. ಒಂದು ಫೇಸ್ ಹೋಗಿ ಸುಟ್ಟ ಮೋಟಾರಿನಲ್ಲಿ ವೈಂಡಿಂಗಿನ ಸುರುಳಿಗಳೆಲ್ಲ ಒಂದೇ ಸಮ ಕಪ್ಪಾಗಿರುವುದಿಲ್ಲ, ಕೆಲವು ಸುಟ್ಟು ಕೆಲವು ಹಾಗೇ ಉಳಿದಿರುತ್ತವೆ. ಆದರೆ ಮೋಟಾರು ಬಿಚ್ಚದೆ, ಸ್ಟಾರ್ಟರ್ ನೋಡದೆ, ತೋಟಕ್ಕೇ ಬಾರದೆ ಫೋನಿನಲ್ಲೇ ‘ವೋಲ್ಟೇಜ್’ ಎಂದರೆ ಅದು ಉತ್ತರವಲ್ಲ. ಅವರಿಗೆ ಹಾಕಬೇಕಾದ ಪ್ರಶ್ನೆ: ‘ಯಾವ ಭಾಗದಲ್ಲಿ ಏನು ಕಂಡು ಈ ತೀರ್ಮಾನಕ್ಕೆ ಬಂದಿರಿ? ವಾರಂಟಿ ಕಾರ್ಡಿನ ಯಾವ ಷರತ್ತಿನ ಮೇಲೆ ನಿರಾಕರಿಸುತ್ತಿದ್ದೀರಿ? ಜಾಬ್ ಶೀಟ್‌ನಲ್ಲಿ ಬರೆದು ಸಹಿ ಮಾಡಿ ಕೊಡಿ.’ ಬರೆದು ಕೊಡಬೇಕು ಎಂದ ಕೂಡಲೇ ಎಷ್ಟೋ ಜನ ಮೆಕ್ಯಾನಿಕ್‌ಗಳು ‘ಆಫೀಸಲ್ಲಿ ಕೇಳಿ ಹೇಳ್ತೀನಿ ಸಾರ್’ ಎನ್ನುತ್ತಾರೆ. ನಿಮಗೆ ಬೇಕಿದ್ದದ್ದೂ ಅದೇ.

ಇಲ್ಲಿ ರೈತರಿಗೆ ಒಂದು ಮಾತು. ಬೇಸಿಗೆಯಲ್ಲಿ ಮೋಟಾರು ಸುಟ್ಟರೆ ಗಿಡ ಕಾಯುವುದಿಲ್ಲ, ಹಾಗಾಗಿ ಅದೇ ದಿನ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತೀರಿ. ಹಳೆಯ ತಂತಿ ಕಿತ್ತು ಹೊಸದು ಸುತ್ತಿದ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ. ಕಾಯಲು ಆಗದಿದ್ದರೆ ಬಾಡಿಗೆಗೋ ನೆಂಟರ ಮನೆಯಿಂದಲೋ ಬೇರೆ ಮೋಟಾರು ತಂದು ಇಳಿಸಿ. ಅದೂ ಆಗದಿದ್ದರೆ, ಬಿಚ್ಚುವ ಮೊದಲು ಮತ್ತು ಬಿಚ್ಚಿದ ಮೇಲೆ ವೈಂಡಿಂಗಿನ ಫೋಟೊ, ಸೀರಿಯಲ್ ನಂಬರ್ ಇರುವ ನಾಮಫಲಕದ ಫೋಟೊ, ಸ್ಟಾರ್ಟರ್ ಪೆಟ್ಟಿಗೆಯ ಫೋಟೊ ತೆಗೆದು, ಸುಟ್ಟ ತಂತಿಯನ್ನು ಚೀಲದಲ್ಲಿ ಕಟ್ಟಿಡಿ. ರಿವೈಂಡಿಂಗ್ ಮಾಡಿದವರಿಂದ ಕಂಡದ್ದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

4. ಉತ್ತರ ಕೊಟ್ಟವರ ಹೆಸರು, ಹುದ್ದೆ ಕೇಳಿ. ಬೇಲೂರಿನ ಚೆನ್ನಕೇಶವ ಗುಡಿಯ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ನಮ್ಮ ಸೀಮೆಯ ದಾನಶಾಸನಗಳಲ್ಲೂ ಯಾವ ವರ್ಷ, ಯಾವ ತಿಥಿ, ಯಾರು ಯಾರಿಗೆ ಎಷ್ಟು ಕೊಟ್ಟರು, ಗಡಿ ಯಾವುದು ಎಂದು ಬಿಡಿಸಿ ಬರೆದಿದೆ. ದೂರಿನ ಪತ್ರವೂ ಹಾಗೇ ಇರಬೇಕು, ಅದಕ್ಕೆ ಬಂದ ಉತ್ತರವೂ ಹಾಗೇ ಇರಬೇಕು. ‘ಕಸ್ಟಮರ್ ಕೇರ್ ತಂಡ’ ಎಂದು ಸಹಿ ಹಾಕಿದ ಉತ್ತರಕ್ಕೆ ಯಾರೂ ಹೊಣೆಯಲ್ಲ. ಆನ್‌ಲೈನ್ ಮಾರಾಟದ ಕಂಪನಿಗಳಂತೂ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕವನ್ನು ತಮ್ಮ ಜಾಲತಾಣದಲ್ಲೇ ಹಾಕಿರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

5. ಹೊಸ ದೂರು ಹಾಕಬೇಡಿ, ಹಳೆಯದನ್ನೇ ಮತ್ತೆ ತೆರೆಸಿ. ಪ್ರತಿ ಸಲ ಹೊಸ ದೂರು ಕೊಟ್ಟರೆ ಗಡುವು ಮೊದಲಿನಿಂದ ಶುರುವಾಗುತ್ತದೆ. ಕಂಪನಿಯ ಲೆಕ್ಕದಲ್ಲಿ ‘ಐದು ದೂರು, ಐದೂ ಪರಿಹಾರ’ ಎಂದು ದಾಖಲಾಗುತ್ತದೆ. ಮುಚ್ಚಿದ ದೂರಿನ ಸಂಖ್ಯೆ ಹಾಕಿ, ‘ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ, ಈ ಮುಕ್ತಾಯವನ್ನು ನಾನು ಒಪ್ಪುವುದಿಲ್ಲ’ ಎಂದು ಬರೆಯಿರಿ.

6. ಕಂಪನಿಯೊಳಗಿನ ಮೇಲಿನ ಮೆಟ್ಟಿಲು ಹತ್ತಿ. ಬ್ಯಾಂಕುಗಳಲ್ಲಿ ನೋಡಲ್ ಅಧಿಕಾರಿ, ಮೊಬೈಲ್ ಕಂಪನಿಗಳಲ್ಲಿ ಮೇಲ್ಮನವಿ ಪ್ರಾಧಿಕಾರ, ಬೇರೆ ಕಡೆ ಕುಂದುಕೊರತೆ ಅಧಿಕಾರಿ. ಕಸ್ಟಮರ್ ಕೇರ್‌ನವರು ಇವರ ವಿಳಾಸವನ್ನು ತಾವಾಗಿ ಹೇಳುವುದು ಅಪರೂಪ. ಜಾಲತಾಣದ ತೀರಾ ಕೆಳಗಿನ ಸಾಲಿನಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಹುಡುಕಬೇಕು.

7. ಅಲ್ಲೂ ಆಗದಿದ್ದರೆ ಹೊರಗಿನ ಬಾಗಿಲು ತಟ್ಟಿ. ಯಾವುದಕ್ಕೆ ಎಲ್ಲಿ ಎಂಬುದನ್ನು ಮುಂದೆ ಹೇಳಿದ್ದೇನೆ.

ಪತ್ರದ ಮಾದರಿ

ಉದ್ದ ಬೇಡ, ಅರ್ಧ ಪುಟ ಸಾಕು. ಕನ್ನಡದಲ್ಲೇ ಬರೆಯಬಹುದು.

‘ದೂರಿನ ಸಂಖ್ಯೆ: ______. ದೂರು ಕೊಟ್ಟ ದಿನಾಂಕ: ______.

ನಾನು ______ರಂದು ಅರಸೀಕೆರೆಯ ______ ಅಂಗಡಿಯಲ್ಲಿ ______ ರೂಪಾಯಿಗೆ ನಿಮ್ಮ ______ ಖರೀದಿಸಿದ್ದೇನೆ (ಬಿಲ್ ಲಗತ್ತಿಸಿದೆ). ______ರಂದು ಅದು ಕೆಟ್ಟಿದೆ. ______ರಂದು ನಿಮ್ಮಿಂದ ಬಂದ ಉತ್ತರದಲ್ಲಿ “______” ಎಂದಿದೆ. ನಾನು ಕೇಳಿದ್ದು “______”. ಇದಕ್ಕೆ ಉತ್ತರ ಬಂದಿಲ್ಲ.

15 ದಿನದೊಳಗೆ ಹೊಣೆಗಾರ ಅಧಿಕಾರಿಯ ಹೆಸರಿನಲ್ಲಿ ಲಿಖಿತ ಉತ್ತರ ಕೊಡಿ, ಮತ್ತು ______ ಮಾಡಿಕೊಡಿ. ಇಲ್ಲದಿದ್ದರೆ ಇದನ್ನು ಸೇವಾ ನ್ಯೂನತೆ ಎಂದು ಪರಿಗಣಿಸಿ ಮುಂದಿನ ಕ್ರಮ ಕೈಗೊಳ್ಳುತ್ತೇನೆ.’

ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಎತ್ತಿ ಹಾಕುವುದು ಮುಖ್ಯ. ನಿಮ್ಮ ಪ್ರಶ್ನೆ ಮತ್ತು ಅವರ ಉತ್ತರ ಒಂದರ ಕೆಳಗೊಂದು ಕೂತಾಗ, ಮುಂದೆ ಓದುವ ಅಧಿಕಾರಿಗೆ ನೀವು ಬೇರೇನೂ ವಿವರಿಸಬೇಕಾಗಿಲ್ಲ. ಕೊನೆಯ ಖಾಲಿ ಜಾಗದಲ್ಲಿ ನಿಮಗೆ ಬೇಕಾದ್ದನ್ನು ಬಿಡಿಸಿ ಹೇಳಿ: ಹಣ ವಾಪಸ್ಸೋ, ಬದಲಿ ವಸ್ತುವೋ, ಉಚಿತ ರಿಪೇರಿಯೋ. ‘ನ್ಯಾಯ ಕೊಡಿಸಿ’ ಎಂದು ಬರೆದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಯಾವುದಕ್ಕೆ ಯಾವ ಬಾಗಿಲು

ಯಾವ ವಸ್ತು, ಯಾವ ಸೇವೆಯಾದರೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಅವರು ಆದೇಶ ಹೊರಡಿಸಲಾರರು. ಆದರೆ ದೂರನ್ನು ಕಂಪನಿಯ ಸರಿಯಾದ ಮೇಜಿಗೆ ತಲುಪಿಸುತ್ತಾರೆ. ಕಾಲ್ ಸೆಂಟರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡದ್ದು ಎಷ್ಟೋ ಸಲ ಇಲ್ಲೇ ಬಿಡುಗಡೆಯಾಗುತ್ತದೆ.

ಬ್ಯಾಂಕು: ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಆಲಿಸಿ ತೀರ್ಮಾನಿಸುವ ಅಧಿಕಾರಿಗೆ, ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಇಲ್ಲಿಗೆ ಬಂದರೆ ತಿರಸ್ಕರಿಸುತ್ತಾರೆ. ಮೊದಲ ದೂರಿನ ತಾರೀಕು, ಸಂಖ್ಯೆ ಜೋಪಾನ ಮಾಡಿ ಎಂದು ಹೇಳಿದ್ದು ಇದಕ್ಕೇ.

ವಿಮೆ: ಕಂಪನಿಗೆ ಬರೆದು ಒಂದು ತಿಂಗಳು ಕಾದು, ನಂತರ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255.

ಮೊಬೈಲು: ಡಾಕೆಟ್ ನಂಬರ್ ಪಡೆದ ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬೇಕು. ಅವರು 39 ದಿನದಲ್ಲಿ ತೀರ್ಮಾನಿಸಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದು ಕೂರುವವರು ಬಹಳ ಜನ. ಒಬ್ಬೊಬ್ಬ ಗ್ರಾಹಕನ ದೂರನ್ನು ಟ್ರಾಯ್ ವಿಚಾರಣೆ ಮಾಡುವುದಿಲ್ಲ. ಸಿಗ್ನಲ್ ದೂರಾದರೆ ಮೂರು ದಿನ, ಬೆಳಿಗ್ಗೆ ಸಂಜೆ, ಮನೆಯ ಯಾವ ಜಾಗದಲ್ಲಿ ಎಷ್ಟು ಹೊತ್ತಿಗೆ ಕರೆ ಕಡಿಯಿತು ಎಂದು ಬರೆದಿಡಿ. ನಿಮ್ಮ ಸಿಮ್ ಅನ್ನು ಬೇರೆ ಫೋನಿಗೆ ಹಾಕಿ ನೋಡಿ. ಪಕ್ಕದ ಮನೆಯಲ್ಲಿ ಅದೇ ಕಂಪನಿಯ ಸಿಮ್ ಇದ್ದರೆ ಅದನ್ನೂ ಪರೀಕ್ಷಿಸಿ. ಕಂಪನಿಗಳು ತಮ್ಮ ಜಾಲತಾಣದಲ್ಲಿ ಕವರೇಜ್ ನಕ್ಷೆ ಹಾಕಿರುತ್ತವೆ. ನಿಮ್ಮ ಊರಿನ ಮೇಲೆ ಅದರಲ್ಲಿ ಬಣ್ಣ ಬಳಿದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಸೇರಿಸಿ. ‘ನಿಮ್ಮ ಹ್ಯಾಂಡ್‌ಸೆಟ್ ತೊಂದರೆ’ ಎಂಬ ಸಿದ್ಧ ಉತ್ತರಕ್ಕೆ ಆಮೇಲೆ ಜಾಗವೇ ಇರುವುದಿಲ್ಲ.

ಕರೆಂಟು: ನಾವು ಈಗಲೂ ಕೆಇಬಿಯದು ಎಂದೇ ಹೇಳುವ ಕೆಲಸ ಹಾಸನ ಜಿಲ್ಲೆಯಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್‌ನದು. 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಲೈನ್‌ಮನ್‌ಗೆ ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಬಗೆಹರಿಯದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ವೋಲ್ಟೇಜ್ ದೂರನ್ನು ಹೀಗೆ ಮೊದಲೇ ದಾಖಲಿಸಿಟ್ಟಿದ್ದರೆ ಮುಂದೆ ಮೋಟಾರು ಸುಟ್ಟಾಗ ಹೊಣೆ ಯಾರದು ಎಂಬ ಪ್ರಶ್ನೆಗೂ ಅದು ಉಪಯೋಗಕ್ಕೆ ಬರುತ್ತದೆ.

ರೈಲು: ಸಹಾಯವಾಣಿ 139.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕೆಲಸ ಮುಗಿಯುವ ಮೊದಲೇ ಓಟಿಪಿ ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಫ್ರಿಜ್ಜು, ವಾಷಿಂಗ್ ಮಷಿನ್ ರಿಪೇರಿಗೆ ಬಂದವರು ‘ನಿಮ್ಮ ಫೋನಿಗೆ ಒಂದು ನಂಬರ್ ಬಂದಿದೆ, ಹೇಳಿ ಅಮ್ಮಾ’ ಎನ್ನುತ್ತಾರೆ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಹೇಳಿಬಿಡುತ್ತಾರೆ. ಅನೇಕ ಕಂಪನಿಗಳಲ್ಲಿ ಆ ಸಂಖ್ಯೆಗೆ ‘ಕೆಲಸ ತೃಪ್ತಿಕರವಾಗಿ ಮುಗಿದಿದೆ’ ಎಂದೇ ಅರ್ಥ. ಬಿಡಿಭಾಗ ತರುತ್ತೇನೆಂದು ಹೋದವರು ಬರುವುದೇ ಇಲ್ಲ, ದೂರು ಮಾತ್ರ ‘ಮುಕ್ತಾಯ’ ಆಗಿರುತ್ತದೆ. ಯಂತ್ರ ಓಡುವುದನ್ನು ಕಣ್ಣಾರೆ ನೋಡಿ, ಮೆಸೇಜನ್ನು ಓದಿಸಿಕೊಂಡು, ಆಮೇಲೆ ಕೊಡಿ. ಬದಲಿಸಿದ ಹಳೆಯ ಭಾಗವನ್ನು ಒಯ್ಯುತ್ತಿದ್ದರೆ ಜಾಬ್ ಶೀಟ್‌ನಲ್ಲಿ ನಮೂದಿಸಲು ಹೇಳಿ.

ಒಂದೇ ಪತ್ರದಲ್ಲಿ ನಾಲ್ಕು ದೂರು ತುಂಬುವುದು ಇನ್ನೊಂದು. ಮೋಟಾರು ಸುಟ್ಟದ್ದು, ಅಂಗಡಿಯವರು ಒರಟಾಗಿ ಮಾತಾಡಿದ್ದು, ಹೋದ ವರ್ಷ ತಡವಾಗಿ ತಂದುಕೊಟ್ಟದ್ದು, ಎಲ್ಲ ಬರೆದರೆ ಅದರಲ್ಲಿ ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಮುಚ್ಚುತ್ತಾರೆ.

‘ನಿಮ್ಮನ್ನು ನೋಡ್ಕೋತೀನಿ’, ‘ಪೇಪರಿಗೆ ಹಾಕಿಸ್ತೀನಿ’ ಎಂದು ಬರೆಯುವವರಿದ್ದಾರೆ. ಆ ಪತ್ರ ಮುಂದೆ ಗ್ರಾಹಕ ಆಯೋಗದಲ್ಲಿ ಕಂಪನಿಯ ವಕೀಲರ ಕೈಯಲ್ಲಿರುತ್ತದೆ. ನಿಮ್ಮ ಪತ್ರ ಓದಿದ ಅಪರಿಚಿತರೂ ‘ಇವರು ಸಮಾಧಾನದಿಂದ, ನ್ಯಾಯವಾಗಿ ಕೇಳಿದ್ದಾರೆ’ ಎನ್ನುವಂತಿರಲಿ.

ಬಿಲ್ಲು ಪಡೆಯದಿರುವುದು ಮತ್ತೊಂದು ತಪ್ಪು. ನೂರಿನ್ನೂರು ರೂಪಾಯಿ ಉಳಿಯುತ್ತದೆಂದು ಕಚ್ಚಾ ಚೀಟಿ ತಂದರೆ ನೀವು ಗ್ರಾಹಕರೆಂದು ಸಾಬೀತು ಮಾಡುವುದೇ ಕಷ್ಟ. ಪಡೆದ ಬಿಲ್ಲಿನ ಅಕ್ಷರವೂ ಎಷ್ಟೋ ಸಲ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ತಂದ ದಿನವೇ ಫೋಟೊ ತೆಗೆಯಿರಿ.

ಎಚ್ಚರ

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ವಂಚಕರು ಕಂಪನಿಗಳ ಹೆಸರಿನಲ್ಲಿ ತಮ್ಮ ನಂಬರ್ ಹಾಕಿರುತ್ತಾರೆ. ಬಿಲ್ಲಿನ ಮೇಲೆ, ವಾರಂಟಿ ಕಾರ್ಡಿನಲ್ಲಿ, ಎಟಿಎಂ ಕಾರ್ಡಿನ ಹಿಂಭಾಗದಲ್ಲಿ ಅಚ್ಚಾದ ನಂಬರ್ ಮಾತ್ರ ಬಳಸಿ. ಸಾಮಾಜಿಕ ಜಾಲತಾಣದಲ್ಲಿ ಕಂಪನಿಯ ಹೆಸರು ಹಿಡಿದು ದೂರು ಬರೆದರೆ ಉತ್ತರ ಬೇಗ ಬರುವುದುಂಟು. ಆದರೆ ಅಲ್ಲಿ ನಿಮ್ಮ ಫೋನ್ ನಂಬರ್, ಖಾತೆ ಸಂಖ್ಯೆ ಹಾಕಿದರೆ ಕಂಪನಿಗಿಂತ ಮೊದಲು ವಂಚಕರೇ ಕರೆ ಮಾಡುತ್ತಾರೆ. ಹಣ ವಾಪಸ್ ಮಾಡಲು ಪಿನ್ ಕೇಳುವವರು, ಆ್ಯಪ್ ಇನ್‌ಸ್ಟಾಲ್ ಮಾಡಿಸಿ ನಿಮ್ಮ ಪರದೆ ನೋಡುವವರು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವವರು ಯಾವ ಕಂಪನಿಯವರೂ ಅಲ್ಲ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಮೋಸ ಹೋಗಿದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೂರನೆಯವರ ವಂಚನೆಯಿಂದ, ನಿಮ್ಮ ಕಡೆಯ ಅಚಾತುರ್ಯವಿಲ್ಲದೆ ಹೋದ ಹಣದ ಬಗ್ಗೆ 3 ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ಆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮ 2017ರಿಂದ ಇದೆ.

ಹಾಸನದ ಆಯೋಗಕ್ಕೆ ಹೋಗಬೇಕಾದರೆ

ಕೊನೆಗೂ ಬಗ್ಗದ ಕಂಪನಿಗೆ ಹಾಸನದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಜನ ಈಗಲೂ ಗ್ರಾಹಕರ ಕೋರ್ಟು ಎನ್ನುತ್ತಾರೆ. 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರವೆಂದರೆ, ಕಂಪನಿಯ ಕಚೇರಿ ಮುಂಬೈಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಬಿಲ್ಲಿನ ಕೆಳಗೆ ‘ವ್ಯಾಜ್ಯಗಳು ಮುಂಬೈ ವ್ಯಾಪ್ತಿಗೆ ಒಳಪಟ್ಟಿವೆ’ ಎಂದು ಅಚ್ಚಾಗಿರುವುದನ್ನು ನೋಡಿ ಹಿಂಜರಿಯಬೇಡಿ.

ನೀವು ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ಬೆಲೆ 50 ಲಕ್ಷದವರೆಗಿನ ದೂರುಗಳು ಜಿಲ್ಲಾ ಆಯೋಗದಲ್ಲೇ ನಡೆಯುತ್ತವೆ. ವಕೀಲರಿಲ್ಲದೆ ನೀವೇ ವಾದಿಸಬಹುದು. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೋರಬಹುದು. ಮೊಬೈಲ್ ಕಂಪನಿಗಳ ವಿರುದ್ಧವೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ತೋಟಕ್ಕೆ ತಂದ ಮೋಟಾರು ‘ವ್ಯಾಪಾರದ ಉದ್ದೇಶ’ದ್ದು, ಹಾಗಾಗಿ ನೀವು ಗ್ರಾಹಕರಲ್ಲ ಎಂದು ಕಂಪನಿಯ ವಕೀಲರು ವಾದಿಸಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡ ವಸ್ತುವಾದರೆ ನೀವು ಗ್ರಾಹಕರೇ ಎಂದು ಕಾಯ್ದೆಯಲ್ಲಿದೆ. ದೂರಿನಲ್ಲೇ ‘ಜೀವನೋಪಾಯಕ್ಕಾಗಿ’ ಎಂದು ಬರೆದುಬಿಡಿ.

ದೂರನ್ನು 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಲಿ. ಮುನ್ನೂರು ರೂಪಾಯಿಯ ಚಾರ್ಜರ್‌ಗೆ ಇಷ್ಟೆಲ್ಲ ಬೇಡ, 1915ರವರೆಗೆ ಹೋಗಿ ಬಿಟ್ಟರೂ ನಷ್ಟವಿಲ್ಲ. ಹೋಗುವುದಾದರೆ ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ‘ನೋಡ್ತೀವಿ, ಮಾಡ್ತೀವಿ’ ಎಂಬ ಉತ್ತರಗಳನ್ನು ನಂಬಿ ಈ ಅವಧಿ ಕಳೆದುಕೊಂಡವರು ಇದ್ದಾರೆ. ಅಂಥ ಉತ್ತರ ಬಂದಷ್ಟೂ ದಿನ ಆ 2 ವರ್ಷ ನಿಲ್ಲದೆ ಓಡುತ್ತಲೇ ಇರುತ್ತದೆ.

ಆಯೋಗದ ನೋಟಿಸು ತಲುಪಿದ ಮೇಲೆ, ಕೆಲವೊಮ್ಮೆ ನಿಮ್ಮ 15 ದಿನದ ಪತ್ರಕ್ಕೇ, ಕಂಪನಿಯವರು ರಾಜಿಗೆ ಬರುತ್ತಾರೆ. ಮಾತು ನ್ಯಾಯವಾಗಿದ್ದರೆ ಒಪ್ಪಿಕೊಳ್ಳಿ. ಆದರೆ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದು ಬರೆದ ಕಾಗದಕ್ಕೆ ಸಹಿ ಹಾಕುವ ಮುನ್ನ ಎರಡು ಸಲ ಓದಿ. ಅದರಲ್ಲಿ ಮೊತ್ತ ಎಷ್ಟು, ಯಾವ ದಿನದೊಳಗೆ, ಯಾವ ಖಾತೆಗೆ ಎಂಬುದು ಬರೆದಿರಬೇಕು. ಮೊದಲು ಹಣ ಖಾತೆಗೆ ಬೀಳಲಿ ಅಥವಾ ಹೊಸ ಮೋಟಾರು ಬಾವಿಗಿಳಿದು ನೀರೆತ್ತಲಿ. ದೂರು ಹಿಂಪಡೆಯುವ ಪತ್ರವನ್ನು ಆಮೇಲೆ ಕೊಡಿ.